ಸಭೆಯ ಸಾಲ ಯಾರ ಮೈಮೇಲೆ?

ಊರಿನ ಸಂಗೀತ ಸಭೆಯನ್ನು ನಡೆಸುವವರು ಸಾಮಾನ್ಯವಾಗಿ ಏಳೆಂಟು ಮಂದಿ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಶಾಲೆಯ ಮೇಷ್ಟ್ರೊಬ್ಬರು, ಮಕ್ಕಳಿಗೆ ವೀಣೆ ಹೇಳಿಕೊಡುವವರೊಬ್ಬರು, ಔಷಧಿ ಅಂಗಡಿಯವರೊಬ್ಬರು. ಇವರಲ್ಲಿ ಒಬ್ಬರು ಸಭಾಂಗಣದ ಅರ್ಜಿಗೆ ಸಹಿ ಹಾಕುತ್ತಾರೆ. ಇನ್ನೊಬ್ಬರು ಶಾಮಿಯಾನದವರಿಗೂ ಮೈಕ್ ಸೆಟ್‌ನವರಿಗೂ ಫೋನ್ ಮಾಡುತ್ತಾರೆ. ಮತ್ತೊಬ್ಬರು ಹೊರ ಊರಿನ ಕಲಾವಿದರಿಗೆ ಸಂಭಾವನೆ, ಪ್ರಯಾಣದ ಖರ್ಚು ಇಷ್ಟೆಂದು ಮಾತು ಕೊಡುತ್ತಾರೆ. ಕಛೇರಿ ಕಳೆಗಟ್ಟಿದರೆ ಊರಿಗೆಲ್ಲ ಸಂತೋಷ. ಇವರಲ್ಲಿ ಯಾರೂ ಒಂದು ಕಾಸಿನ ಲಾಭ ಮುಟ್ಟುವವರಲ್ಲ.

ಆದರೆ ಪ್ರಾಯೋಜಕರು ಕೊನೆಯ ಗಳಿಗೆಯಲ್ಲಿ ಕೈಕೊಟ್ಟರೆ? ಮಳೆ ಹುಯ್ದು ಕಾರ್ಯಕ್ರಮವೇ ರದ್ದಾದರೆ? ಪೆಂಡಾಲಿನ ಗಳ ಬಿದ್ದು ಕೇಳುಗರೊಬ್ಬರ ಕಾಲು ಮುರಿದರೆ? ಆ ಹಣ ಯಾರ ಜೇಬಿನಿಂದ ಹೋಗಬೇಕು?

‘ಸಭೆ ಕೊಡುತ್ತದೆ’ ಎಂದು ಎಲ್ಲರೂ ಹೇಳಿಬಿಡುತ್ತಾರೆ. ನೋಂದಣಿಯಾಗದ ಸಭೆಯ ವಿಷಯದಲ್ಲಿ ಆ ಮಾತಿಗೆ ಕಾನೂನಿನಲ್ಲಿ ಅರ್ಥವಿಲ್ಲ. ಬೋರ್ಡು, ಲೆಟರ್‌ಹೆಡ್, ರಬ್ಬರ್ ಮೊಹರು ಎಲ್ಲ ಇದ್ದರೂ ಕಾನೂನಿಗೆ ಕಾಣಿಸುವುದು ಅದರ ಹಿಂದಿರುವ ಮನುಷ್ಯರು ಮಾತ್ರ. ಹಾಗಾದರೆ ಅವರಲ್ಲಿ ಯಾರು, ಎಷ್ಟರ ಮಟ್ಟಿಗೆ ಕೊಡಬೇಕು? ಈ ಪ್ರಶ್ನೆಗೆ ಉತ್ತರ ಒಂದೇ ದಿನ ಸಿಕ್ಕಲಿಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳು ನೂರು ವರ್ಷಕ್ಕೂ ಹೆಚ್ಚು ಕಾಲ ತಡಕಾಡಿ ಅದನ್ನು ಚೂರುಚೂರಾಗಿ ಕಂಡುಕೊಂಡವು. ಬ್ರಿಟಿಷರ ಕಾಲದಲ್ಲಿ ಅದು ನಮ್ಮ ಕಾನೂನಿಗೂ ಬಂದು, ಇಂದು ಮೈಸೂರು, ಧಾರವಾಡ, ಶಿವಮೊಗ್ಗದ ಸಭೆಗಳ ಸದಸ್ಯರನ್ನು ಕಾಯುತ್ತಿದೆ. ಕಾಯುತ್ತಿರುವುದು ಅವರಲ್ಲಿ ಅನೇಕರಿಗೆ ತಿಳಿದಿಲ್ಲ. ತಮ್ಮನ್ನು ಅದು ಕಾಯುತ್ತಿಲ್ಲ ಎಂಬುದು ಕಾರ್ಯದರ್ಶಿಗಳಲ್ಲಿ ಇನ್ನೂ ಅನೇಕರಿಗೆ ತಿಳಿದಿಲ್ಲ.

ಎರಡೇ ಅಚ್ಚುಗಳು

ಹತ್ತೊಂಬತ್ತನೆಯ ಶತಮಾನದ ಆರಂಭ. ಯುರೋಪಿನ ನಗರಗಳಲ್ಲಿ ಸಂಗೀತ ಅರಮನೆಯಿಂದ ಹೊರಬಂದು ಮಧ್ಯಮ ವರ್ಗದ ಕೈಗೆ ಸೇರುತ್ತಿದ್ದ ಕಾಲ. ವಿಯೆನ್ನಾದಲ್ಲಿ 1812ರಲ್ಲಿ ಹವ್ಯಾಸಿಗಳೇ ಸೇರಿ ಸಂಗೀತಪ್ರೇಮಿಗಳ ಸಂಘವೊಂದನ್ನು ಕಟ್ಟಿದರು. ಆ ಸಂಘ ಇಂದಿಗೂ ಇದೆ. ಅದರ ನಿಯಮಾವಳಿಗೆ ಆಸ್ಟ್ರಿಯಾದ ಚಕ್ರವರ್ತಿಯ ಒಪ್ಪಿಗೆ ಬಂದದ್ದು 1814ರಲ್ಲಿ. ಲಂಡನ್ನಿನಲ್ಲಿ 1813ರಲ್ಲಿ ಫಿಲ್‌ಹಾರ್ಮೋನಿಕ್ ಸೊಸೈಟಿ ಹುಟ್ಟಿತು. ಬೀಥೋವನ್ನನಿಗೆ 50 ಪೌಂಡ್ ಕೊಟ್ಟು ಹೊಸ ಸಿಂಫನಿ ಬರೆಸಲು ಮುಂದಾದದ್ದು ಇದೇ ಸಂಸ್ಥೆ. ಅದರ ಫಲವೇ ಒಂಬತ್ತನೆಯ ಸಿಂಫನಿ. ಇಂಥ ಹೆಸರಾಂತ ಸಂಘಗಳ ಸುತ್ತ ನೂರಾರು ಚಿಕ್ಕ ಕೂಟಗಳಿದ್ದವು. ಹಾಡುವವರ ಕೂಟ, ಓದುವವರ ಕೂಟ, ಊಟ ಮಾಡಿ ರಾಜಕೀಯ ಮಾತಾಡುವವರ ಕೂಟ.

ಇಂಗ್ಲಿಷ್ ಕಾನೂನಿಗೆ ಅಂದು ಜನರ ಗುಂಪನ್ನು ಗುರುತಿಸಲು ಗೊತ್ತಿದ್ದದ್ದು ಮುಖ್ಯವಾಗಿ ಎರಡು ಅಚ್ಚು. ಒಂದು, ರಾಜನ ಸನ್ನದಿನಿಂದಲೋ ಸಂಸತ್ತಿನ ಕಾಯ್ದೆಯಿಂದಲೋ ಹುಟ್ಟಿದ ನಿಗಮ. ಅದು ತನ್ನದೇ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳಬಹುದು, ದಾವೆ ಹೂಡಬಹುದು, ಸಾಲ ಮಾಡಬಹುದು. ಆದರೆ ಸನ್ನದು ಪಡೆಯುವುದು ಶ್ರೀಮಂತರಿಗೂ ಕಷ್ಟ. ಸೌತ್ ಸೀ ಕಂಪನಿಯ ಷೇರು ಹುಚ್ಚು ಮುಗಿಲಿಗೇರಿದ 1720ರಲ್ಲಿ ಬಂದ ‘ಬಬಲ್ ಆಕ್ಟ್’ ಸನ್ನದಿಲ್ಲದ ಗುಂಪುಗಳು ನಿಗಮದಂತೆ ವರ್ತಿಸುವುದನ್ನೇ ನಿಷೇಧಿಸಿತ್ತು. 1825ರಲ್ಲಿ ಆ ಕಾಯ್ದೆ ರದ್ದಾದರೂ ಚಿಕ್ಕ ಕೂಟಗಳಿಗೆ ಬಾಗಿಲು ತೆರೆಯಲಿಲ್ಲ. ಇನ್ನೊಂದು ಅಚ್ಚು ಪಾಲುದಾರಿಕೆ. ಅದರಲ್ಲಿ ಪ್ರತಿಯೊಬ್ಬ ಪಾಲುದಾರನೂ ವ್ಯವಹಾರದ ಸಾಲಕ್ಕೆ ತನ್ನ ಮನೆಮಠ ಸಮೇತ ಹೊಣೆ.

ಹಾಗಾದರೆ ವರ್ಷಕ್ಕಿಷ್ಟು ಚಂದಾ ಕೊಟ್ಟು ಸಂಜೆ ಹಾಡಲು ಬರುವವನು ಯಾವ ಅಚ್ಚಿಗೆ ಸೇರಿದವನು? ನಿಗಮವಂತೂ ಅಲ್ಲ. ಉಳಿದದ್ದು ಪಾಲುದಾರಿಕೆ. ಸಾಲ ಕೊಟ್ಟ ವರ್ತಕರು ಹಿಡಿದದ್ದು ಇದೇ ಎಳೆಯನ್ನು: ಸಂಘ ಎಂದರೆ ಸದಸ್ಯರೆಲ್ಲ ಪಾಲುದಾರರು, ಆದ್ದರಿಂದ ಸದಸ್ಯರಲ್ಲಿ ಹಣವಂತನೊಬ್ಬನನ್ನು ಆರಿಸಿ ದಾವೆ ಹಾಕಿದರೆ ಪೂರ್ತಿ ಬಾಕಿ ವಸೂಲಾಗಬೇಕು.

1836: ಮೊದಲ ಬೆಳಕು

ಆ ವಾದಕ್ಕೆ ತಡೆ ಬಿದ್ದದ್ದು 1836ರಲ್ಲಿ, ಫ್ಲೆಮಿಂಗ್ ಮತ್ತು ಹೆಕ್ಟರ್ ನಡುವಿನ ಮೊಕದ್ದಮೆಯಲ್ಲಿ. ವೆಸ್ಟ್‌ಮಿನ್‌ಸ್ಟರ್ ರಿಫಾರ್ಮ್ ಕ್ಲಬ್ ಎಂಬ ರಾಜಕೀಯ ಕೂಟಕ್ಕೆ ಸರಕು ಒದಗಿಸಿದ್ದ ವರ್ತಕನೊಬ್ಬ ಬಾಕಿ ಹಣಕ್ಕಾಗಿ ಹೆಕ್ಟರ್ ಎಂಬ ಸದಸ್ಯನ ಮೇಲೆ ದಾವೆ ಹೂಡಿದ. ಎಕ್ಸ್‌ಚೆಕರ್ ನ್ಯಾಯಾಲಯದಲ್ಲಿ ಲಾರ್ಡ್ ಅಬಿಂಜರ್ ಮತ್ತು ಜೊತೆಯ ನ್ಯಾಯಾಧೀಶರು ಕೇಳಿದ ಪ್ರಶ್ನೆ ಸರಳವಾಗಿತ್ತು: ಈ ಸದಸ್ಯ ತನ್ನ ಹೆಸರಿನಲ್ಲಿ ಸಾಲ ಮಾಡಲು ಸಮಿತಿಗೆ ಎಲ್ಲಿ ಅಧಿಕಾರ ಕೊಟ್ಟಿದ್ದಾನೆ?

ಅವರು ಸಂಘದ ನಿಯಮಾವಳಿಯನ್ನು ತೆರೆದು ನೋಡಿದರು. ಅದರಲ್ಲಿ ಇದ್ದದ್ದು ಇಷ್ಟು: ಸದಸ್ಯರು ಪ್ರವೇಶಧನ ಮತ್ತು ವಾರ್ಷಿಕ ಚಂದಾ ಕೊಡಬೇಕು, ಸಮಿತಿ ಆ ನಿಧಿಯಿಂದ ಸಂಘ ನಡೆಸಬೇಕು. ಅಂದರೆ ಸಮಿತಿಗೆ ಸದಸ್ಯರು ಒಪ್ಪಿಸಿದ್ದು ಕೈಯಲ್ಲಿರುವ ಹಣವನ್ನು. ತಮ್ಮ ವಿಶ್ವಾಸಾರ್ಹತೆಯನ್ನು ಅಡವಿಡುವ ಅಧಿಕಾರವನ್ನಲ್ಲ. ಪಾಲುದಾರಿಕೆಯಲ್ಲಿ ಲಾಭದ ಆಸೆ ಇರುತ್ತದೆ, ಒಬ್ಬ ಪಾಲುದಾರ ಇನ್ನೊಬ್ಬನ ಪರವಾಗಿ ವ್ಯವಹರಿಸಬಲ್ಲ. ಸಂಘದಲ್ಲಿ ಎರಡೂ ಇಲ್ಲ. ಆದ್ದರಿಂದ ಹೆಕ್ಟರ್ ಹಣ ಕೊಡಬೇಕಿಲ್ಲ ಎಂದು ತೀರ್ಪಾಯಿತು.

ಈ ಬೆಳಕಿನ ಜೊತೆಗೇ ಒಂದು ನೆರಳೂ ಬಂತು. ಸದಸ್ಯ ಕೊಡಬೇಕಿಲ್ಲ ಎಂದಾದರೆ ಸರಕು ಕೊಟ್ಟ ವರ್ತಕ ಯಾರ ಬಳಿ ಹೋಗಬೇಕು? ಐದು ವರ್ಷದ ಮೇಲೆ, 1841ರಲ್ಲಿ, ಟಾಡ್ ಮತ್ತು ಎಮ್ಲಿ ಮೊಕದ್ದಮೆಯಲ್ಲಿ ಸಂಘವೊಂದಕ್ಕೆ ವೈನ್ ಕೊಟ್ಟ ವ್ಯಾಪಾರಿ ಸಮಿತಿಯವರ ಬೆನ್ನು ಹತ್ತಿದ. ಸಮಿತಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹೊಣೆ ಬರುವುದಿಲ್ಲ, ಆ ಖರೀದಿಗೆ ಒಪ್ಪಿ ಕೈಜೋಡಿಸಿದವರೇ ಎಂಬುದನ್ನು ನೋಡಬೇಕು ಎಂಬ ಗೆರೆ ಅಲ್ಲಿ ಮೂಡಿತು. ಸಾಲ ಅಳಿಸಿಹೋಗಿರಲಿಲ್ಲ. ಅದು ಇಡೀ ಸಂಘದ ಮೇಲಿನಿಂದ ಜಾರಿ, ಮುಂದೆ ನಿಂತು ಕೆಲಸ ಮಾಡಿದವರ ಹೆಗಲ ಮೇಲೆ ಬಂದು ಕೂತಿತ್ತು.

ಕುಸಿದ ಅಟ್ಟಣೆ, ಆಸ್ಟ್ರೇಲಿಯಾದ ಗುತ್ತಿಗೆ

ಆ ಭಾರ ಎಷ್ಟು ಎಂಬುದು 1896ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಇಂಗ್ಲೆಂಡಿನ ಬ್ಲಾಕ್‌ಬರ್ನ್ ರೋವರ್ಸ್ ಫುಟ್ಬಾಲ್ ಕ್ಲಬ್ಬಿನ ಮೈದಾನದಲ್ಲಿ ಪ್ರೇಕ್ಷಕರ ಅಟ್ಟಣೆ ಕುಸಿದು ಒಬ್ಬನಿಗೆ ಗಾಯವಾಯಿತು. ಅಟ್ಟಣೆಯ ದುರಸ್ತಿಗೆ ಸಮಿತಿ ನೇಮಿಸಿದ್ದ ವ್ಯಕ್ತಿಗೆ ಆ ಕೆಲಸ ಬರುತ್ತಿರಲಿಲ್ಲ. ಪರಿಹಾರವನ್ನು ಸಮಿತಿಯವರೇ ಸ್ವಂತವಾಗಿ ಕೊಡಬೇಕೆಂದು ನ್ಯಾಯಾಲಯ ಹೇಳಿತು. ಬ್ರೌನ್ ಮತ್ತು ಲೂಯಿಸ್ ಎಂಬ ಹೆಸರಿನ ಈ ಮೊಕದ್ದಮೆಯನ್ನು ವೇದಿಕೆ ಕಟ್ಟಿಸುವ, ಪೆಂಡಾಲ್ ಹಾಕಿಸುವ ಪ್ರತಿಯೊಂದು ಸಂಗೀತ ಸಮಿತಿಯೂ ತಿಳಿದಿರಬೇಕು. ಸಾಲ ಮಾಡುವುದರಲ್ಲಿ ಮಾತ್ರ ಅಪಾಯ ಎಂದುಕೊಂಡಿದ್ದವರಿಗೆ, ಅಜಾಗರೂಕತೆಯಲ್ಲಿ ಅದಕ್ಕಿಂತ ದೊಡ್ಡ ಅಪಾಯ ಇದೆ ಎಂದು ಅದು ತೋರಿಸಿಕೊಟ್ಟಿತು.

ಈ ಕತೆಯ ಮುಖ್ಯ ವ್ಯಕ್ತಿ ಇಲ್ಲಿ ಬರುತ್ತಾರೆ. ಹೆಸರು ನಥಾನಿಯಲ್ ಲಿಂಡ್ಲಿ, ಹುಟ್ಟಿದ್ದು 1828ರಲ್ಲಿ. ತಂದೆ ಜಾನ್ ಲಿಂಡ್ಲಿ ಹೆಸರಾಂತ ಸಸ್ಯಶಾಸ್ತ್ರಜ್ಞ. ಗಿಡಗಳನ್ನು ಲಕ್ಷಣ ನೋಡಿ ಕುಲ, ಜಾತಿ ಎಂದು ವಿಂಗಡಿಸುವವರ ಮನೆಯಲ್ಲಿ ಬೆಳೆದ ಮಗ ಕಾನೂನಿನಲ್ಲಿ ಅದೇ ಬಗೆಯ ಕೆಲಸ ಮಾಡಿದ. 1860ರಲ್ಲಿ ಪಾಲುದಾರಿಕೆಯ ಕಾನೂನಿನ ಬಗ್ಗೆ ಆತ ಬರೆದ ಗ್ರಂಥ ಪರಿಷ್ಕರಣೆಗೊಳ್ಳುತ್ತ ಇಂದಿಗೂ ವಕೀಲರ ಮೇಜಿನ ಮೇಲಿದೆ. ಯಾವುದು ಪಾಲುದಾರಿಕೆ, ಯಾವುದು ಅಲ್ಲ ಎಂಬುದನ್ನು ಆತನಷ್ಟು ಸೂಕ್ಷ್ಮವಾಗಿ ಬಲ್ಲವರು ಆ ಕಾಲದಲ್ಲಿ ವಿರಳ.

1901ರಲ್ಲಿ ಲಾರ್ಡ್ ಲಿಂಡ್ಲಿ ನ್ಯಾಯಾಧೀಶರಾಗಿ, ಹಾಂಕಾಂಗಿನಿಂದ ಬಂದ ಹಾರ್ಡೂನ್ ಮತ್ತು ಬೆಲಿಲಿಯೋಸ್ ಎಂಬ ಮೇಲ್ಮನವಿಯ ತೀರ್ಪು ಕೊಟ್ಟರು. ಇನ್ನೊಬ್ಬರ ಲಾಭಕ್ಕಾಗಿ ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಂಡ ಧರ್ಮದರ್ಶಿಗೆ ಅದರಿಂದ ನಷ್ಟವಾದರೆ, ಲಾಭದ ಹಕ್ಕುದಾರನೇ ಆ ನಷ್ಟ ತುಂಬಿಕೊಡಬೇಕು ಎಂಬುದು ಅದರ ಸಾರ. ನ್ಯಾಯವಾದ ಮಾತು.

ಎರಡೇ ವರ್ಷದಲ್ಲಿ ಆ ಮಾತಿಗೆ ಪರೀಕ್ಷೆ ಬಂತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಸಂಘವೊಂದರ ಧರ್ಮದರ್ಶಿಗಳು ಸಂಘಕ್ಕಾಗಿ ಕಟ್ಟಡವೊಂದನ್ನು ಗುತ್ತಿಗೆಗೆ ಪಡೆದಿದ್ದರು. ಸಂಘ ಎಂಬ ಕಾನೂನು ವ್ಯಕ್ತಿ ಇಲ್ಲವಾದ್ದರಿಂದ ಗುತ್ತಿಗೆ ಪತ್ರ ಇದ್ದದ್ದು ಅವರ ಹೆಸರಿನಲ್ಲಿ. ಅದರ ಷರತ್ತುಗಳು ಭಾರಿಯಾಗಿದ್ದವು. ಹೊಣೆ ಅವರ ಮೇಲೆ ಬಂತು. ‘ಕಟ್ಟಡ ಬಳಸಿದವರು ಸದಸ್ಯರು, ನಷ್ಟ ಅವರು ತುಂಬಲಿ’ ಎಂಬ ಬೇಡಿಕೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ವೈಸ್ ಮತ್ತು ಪರ್ಪೆಚುವಲ್ ಟ್ರಸ್ಟಿ ಕಂಪನಿ ಎಂಬ ಆ ಮೊಕದ್ದಮೆಯ ತೀರ್ಪು 1903ರಲ್ಲಿ ಬಂತು. ಬರೆದವರು ಅದೇ ಲಾರ್ಡ್ ಲಿಂಡ್ಲಿ.

ತಾವೇ ಸಾರಿದ ತತ್ವವನ್ನು ಸಂಘಕ್ಕೆ ಅನ್ವಯಿಸಲು ಅವರು ಒಪ್ಪಲಿಲ್ಲ. ಸಂಘ ಬೇರೆಯೇ ಜಾತಿಯ ಗಿಡ ಎಂಬುದನ್ನು ಅವರು ಗುರುತಿಸಿದ್ದರು. ಅದರ ಸದಸ್ಯರು ಬರುತ್ತಾರೆ, ಹೋಗುತ್ತಾರೆ. ಪಟ್ಟಿ ದಿನದಿನವೂ ಬದಲಾಗುತ್ತದೆ. ಅದು ಪಾಲುದಾರಿಕೆಯಲ್ಲ, ಲಾಭಕ್ಕಾಗಿ ಕಟ್ಟಿದ ಕೂಟವೂ ಅಲ್ಲ. ನಿಯಮದಲ್ಲಿ ಹೇಳಿದ ಚಂದಾ ಒಂದನ್ನು ಬಿಟ್ಟು ಬೇರೇನನ್ನೂ ಸದಸ್ಯನಾದವನು ಸಂಘಕ್ಕಾಗಲಿ ಹೊರಗಿನವರಿಗಾಗಲಿ ಕೊಡಬೇಕಿಲ್ಲ. ಈ ತಿಳಿವಳಿಕೆಯ ಮೇಲೆಯೇ ಜನ ಸಂಘಗಳನ್ನು ಸೇರುತ್ತಾರೆ. ಧರ್ಮದರ್ಶಿಗಳ ಬೇಡಿಕೆ ಬಿದ್ದುಹೋಯಿತು.

ಸದಸ್ಯರಿಗೆ ಇದು ದೊಡ್ಡ ರಕ್ಷೆ. ಇಂದು ಯಾರಾದರೂ ಭಯವಿಲ್ಲದೆ ಗಾಯನ ಕೂಟಕ್ಕೋ ಭಜನಾ ಮಂಡಳಿಗೋ ಚಂದಾ ಕೊಟ್ಟು ಸೇರಬಹುದಾದರೆ ಅದರ ಹಿಂದೆ ಲಿಂಡ್ಲಿಯವರ ಈ ವಿವೇಕವಿದೆ. ಆದರೆ ಆ ರಕ್ಷೆಯ ಬೆಲೆ ತೆತ್ತವರು ನಂಬಿ ಸಹಿ ಹಾಕಿದವರು.

ಕೋಳಿಗಳು ಕಲಿಸಿದ ಪಾಠ

ಕೊನೆಯ ಚೂರು ಸಿಕ್ಕಿದ್ದು ಎರಡನೆಯ ಮಹಾಯುದ್ಧದ ನಡುವೆ, ಕೋಳಿಗಳಿಂದ. ಲಾಂಕಾಶೈರ್ ಯುಟಿಲಿಟಿ ಪೌಲ್ಟ್ರಿ ಸೊಸೈಟಿ ಎಂಬ ಕೋಳಿ ಸಾಕುವವರ ಸಂಘ ಕೋಳಿಗಳಿಗೆ ರೋಗಪರೀಕ್ಷೆ ಮಾಡಿಕೊಡುತ್ತಿತ್ತು. ಪರೀಕ್ಷೆಗೆ ಬಂದ ಸಂಘದ ನೌಕರನ ಅಜಾಗರೂಕತೆಯಿಂದ ಒಂದು ಕೋಳಿಫಾರಂಗೆ ನಷ್ಟವಾಯಿತು. ಫಾರಂನವರು ಪರೀಕ್ಷೆಯ ಒಪ್ಪಂದ ಮಾಡಿಕೊಂಡದ್ದು ಯಾರ ಜೊತೆ? ಸಂಘ ಎಂಬ ವ್ಯಕ್ತಿ ಇಲ್ಲ. ಊರೂರಲ್ಲಿ ಹರಡಿದ್ದ ಸದಸ್ಯರೆಲ್ಲರ ಜೊತೆ ಎನ್ನುವುದೂ ಹೊಂದುವುದಿಲ್ಲ. ಉಳಿದವರು ಕಾರ್ಯಕಾರಿ ಸಮಿತಿಯವರು. 1943ರ ಬ್ರಾಡ್ಲಿ ಎಗ್ ಫಾರಂ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ಹೇಳಿದ್ದು ಇದನ್ನೇ: ಒಪ್ಪಂದ ಸಮಿತಿಯವರದು, ಪರಿಹಾರವೂ ಅವರದೇ.

1836ರ ಹೆಕ್ಟರ್‌ನಿಂದ 1943ರ ಕೋಳಿಗಳವರೆಗಿನ ಹಾದಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಕಂಡುಹಿಡಿದ ನಿಯಮ ಪೂರ್ತಿ ಕಾಣುತ್ತದೆ. ನೋಂದಣಿಯಾಗದ ಸಂಘದಲ್ಲಿ ಬರೀ ಸದಸ್ಯನಾದವನ ಹೊಣೆ ಚಂದಾಕ್ಕೆ ಮುಗಿಯಿತು. ಕೆಲಸಕ್ಕೆ ಆಜ್ಞೆ ಕೊಟ್ಟವನ, ಸಹಿ ಹಾಕಿದವನ, ನೌಕರನನ್ನು ನೇಮಿಸಿದವನ ಹೊಣೆಗೆ ಮಿತಿ ಇಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. 1989ರ ರಾಬರ್ಟ್‌ಸನ್ ಮತ್ತು ರಿಡ್ಲಿ ಮೊಕದ್ದಮೆಯಲ್ಲಿ, ಸಂಘದ ಆವರಣದ ಗುಂಡಿಗೆ ಮೋಟಾರ್‌ಸೈಕಲ್ ಬಿದ್ದು ಗಾಯಗೊಂಡ ಸದಸ್ಯನೊಬ್ಬ ಅಧ್ಯಕ್ಷ ಮತ್ತು ಕಾರ್ಯದರ್ಶಿಯ ಮೇಲೆ ದಾವೆ ಹೂಡಿ ಸೋತ. ಪದಾಧಿಕಾರಿಗಳೆಂಬ ಕಾರಣಕ್ಕೆ ಅವರಿಗೆ ಸಹಸದಸ್ಯನ ಬಗ್ಗೆ ಅಂಥ ಕರ್ತವ್ಯವಿಲ್ಲ ಎಂಬುದು ತೀರ್ಪು. ಹೊರಗಿನವರು ಬಿದ್ದರೆ ಸಮಿತಿಗೆ ಕಷ್ಟ, ಒಳಗಿನವರು ಬಿದ್ದರೆ ಬಿದ್ದವರಿಗೇ ಕಷ್ಟ. ಹೆಸರಿಗೊಂದು ಸಂಘ, ಕಾನೂನಿಗೆ ಬರೀ ಗುಂಪು ಎಂಬ ಸ್ಥಿತಿ ಯಾರಿಗೂ ಹಿತವಲ್ಲ.

ಇನ್ನೊಂದು ದಾರಿ

ನ್ಯಾಯಾಲಯಗಳು ಹೀಗೆ ಒಂದೊಂದೇ ಮೊಕದ್ದಮೆ ಹಿಡಿದು ನಡೆಯುತ್ತಿದ್ದಾಗ, ಶಾಸನ ಮಾಡುವವರು ಬೇರೊಂದು ದಾರಿ ಕಂಡಿದ್ದರು. 1854ರಲ್ಲಿ ಬ್ರಿಟಿಷ್ ಸಂಸತ್ತು ಸಾಹಿತ್ಯ, ವಿಜ್ಞಾನ, ಲಲಿತಕಲೆಗಳ ಸಂಸ್ಥೆಗಳಿಗಾಗಿ ಒಂದು ಕಾಯ್ದೆ ಮಾಡಿತು. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸಂಘಗಳಿಗೆ ನಿಗಮದ ರೂಪ ಕೊಡುವ ಕಾಯ್ದೆ ತಂದಿತು. ಗುತ್ತಿಗೆಯ ಮೊಕದ್ದಮೆ ಹುಟ್ಟಿದ ನ್ಯೂ ಸೌತ್ ವೇಲ್ಸ್‌ಗೆ ಅಂಥ ಕಾಯ್ದೆ ಬಂದದ್ದು 1984ರಲ್ಲಿ.

ಭಾರತ ಇಷ್ಟು ಕಾಯಲಿಲ್ಲ. 1854ರ ಇಂಗ್ಲಿಷ್ ಕಾಯ್ದೆಯ ಮಾದರಿಯಲ್ಲಿ ಸಂಘಗಳ ನೋಂದಣಿ ಕಾಯ್ದೆ 1860ರಲ್ಲೇ ಇಲ್ಲಿ ಜಾರಿಗೆ ಬಂತು. ಲಿಂಡ್ಲಿ ತಮ್ಮ ಗ್ರಂಥ ಪ್ರಕಟಿಸಿದ ವರ್ಷವೇ ಅದು. ಏಳು ಅಥವಾ ಹೆಚ್ಚು ಜನ ಸೇರಿ ಉದ್ದೇಶಪತ್ರಕ್ಕೆ ಸಹಿ ಹಾಕಿ ನೋಂದಾಯಿಸಿದರೆ ಸಾಕು. ಲಲಿತಕಲೆ ಎಂಬ ಮಾತು ಅದರ ಪೀಠಿಕೆಯಲ್ಲೇ ಇದೆ. ಸಂಗೀತ ಸಭೆಗೆ ಅದರೊಳಗೆ ಮೊದಲಿನಿಂದಲೂ ಜಾಗವಿತ್ತು.

ಆ ಕಾಯ್ದೆಯ 8ನೆಯ ಕಲಮಿನ ಮೇಲೆ ನನಗೆ ವಿಶೇಷ ಪ್ರೀತಿ. ಸಂಘದ ಪರವಾಗಿ ನ್ಯಾಯಾಲಯದಲ್ಲಿ ನಿಂತ ಅಧ್ಯಕ್ಷನ ಅಥವಾ ಕಾರ್ಯದರ್ಶಿಯ ವಿರುದ್ಧ ಡಿಕ್ರಿಯಾದರೆ, ಅದನ್ನು ಅವನ ಚರಾಸ್ತಿ, ಸ್ಥಿರಾಸ್ತಿಯ ಮೇಲಾಗಲಿ ಅವನ ದೇಹದ ಮೇಲಾಗಲಿ ಜಾರಿ ಮಾಡಕೂಡದು, ಸಂಘದ ಆಸ್ತಿಯ ಮೇಲೆ ಮಾತ್ರ ಮಾಡಬೇಕು ಎನ್ನುತ್ತದೆ ಅದು. ‘ದೇಹ’ ಎಂಬ ಮಾತು ಅಲ್ಲಿ ಸುಮ್ಮನೆ ಬಂದಿಲ್ಲ. ಬಾಕಿದಾರನನ್ನು ಹಿಡಿದು ಸೆರೆಮನೆಗೆ ಹಾಕುತ್ತಿದ್ದ ಕಾಲ ಅದು. ಸಭೆಯ ಸಾಲಕ್ಕೆ ಕಾರ್ಯದರ್ಶಿ ಜೈಲು ಕಾಣಬಾರದು ಎಂದು ಒಂದೇ ವಾಕ್ಯದಲ್ಲಿ ಬರೆದಿಟ್ಟವರು, ನ್ಯಾಯಾಲಯಗಳು ಆಮೇಲೂ ಹುಡುಕುತ್ತಿದ್ದ ಪರಿಹಾರವನ್ನು ಮೊದಲೇ ಕೊಟ್ಟುಬಿಟ್ಟಿದ್ದರು.

ನಮ್ಮಲ್ಲಿ ಆಧುನಿಕ ರೀತಿಯ ಸಂಗೀತ ಸಂಘಗಳು ಬೆಳೆದದ್ದು ಇದಾದ ಮೇಲೆ. ಪುಣೆಯಲ್ಲಿ ಗಾಯನ ಸಮಾಜ ಶುರುವಾದದ್ದು 1874ರಲ್ಲಿ. ಮೈಸೂರು ಸಂಸ್ಥಾನ ತನ್ನದೇ ಸಂಘಗಳ ನೋಂದಣಿ ಶಾಸನವನ್ನು 1904ರಲ್ಲಿ ಮಾಡಿಕೊಂಡಿತು. ಮರುವರ್ಷ, 1905ರಲ್ಲಿ, ಬೆಂಗಳೂರು ಗಾಯನ ಸಮಾಜ ಹುಟ್ಟಿತು. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ ರಾಮನವಮಿಯ ಕಛೇರಿಗಳನ್ನು ನಡೆಸಿಕೊಂಡು ಬಂದಿದೆ. ರಾಜ್ಯಗಳ ಪುನರ್ವಿಂಗಡಣೆಯ ನಂತರ ಕನ್ನಡ ನಾಡಿನ ಬೇರೆ ಬೇರೆ ಭಾಗಗಳಲ್ಲಿದ್ದ ಬೇರೆ ಬೇರೆ ಕಾನೂನುಗಳ ಬದಲಿಗೆ 1960ರ ಸಂಘಗಳ ನೋಂದಣಿ ಕಾಯ್ದೆ ಬಂತು. ಇಂದು ನಮ್ಮ ಸಭೆಗಳು ನೋಂದಣಿಯಾಗುವುದು ಇದರಡಿಯಲ್ಲೇ. ಇಲ್ಲಿಯೂ ಏಳು ಜನ ಸಾಕು. ಲಲಿತಕಲೆಯ ಪೋಷಣೆ ಒಪ್ಪಿತ ಉದ್ದೇಶ.

ನೋಂದಣಿಯಾಗದ ಸಭೆಗೆ ನಮ್ಮ ದೇಶದಲ್ಲಿ ಅಪಾಯ ಇನ್ನೂ ಹತ್ತಿರದಲ್ಲಿದೆ. 1872ರ ಭಾರತೀಯ ಕರಾರು ಕಾಯ್ದೆಯ 230ನೆಯ ಕಲಮನ್ನು ನೋಡಿ. ಇನ್ನೊಬ್ಬರ ಪರವಾಗಿ ಕರಾರು ಮಾಡುವವನು ಸಾಮಾನ್ಯವಾಗಿ ಸ್ವತಃ ಹೊಣೆಯಲ್ಲ. ಆದರೆ ಯಾರ ಪರವಾಗಿ ಮಾಡಿದನೋ ಅವರ ಮೇಲೆ ದಾವೆ ಹೂಡಲು ಬರುವುದಿಲ್ಲ ಎಂದಾದರೆ, ಕರಾರು ಮಾಡಿದವನೇ ಹೊಣೆ ಎಂದು ಕಾನೂನು ಊಹಿಸಿಕೊಳ್ಳುತ್ತದೆ. ನೋಂದಣಿಯಾಗದ ಸಭೆಯ ಹೆಸರಿನ ಮೇಲೆ ದಾವೆ ನಿಲ್ಲುವುದಿಲ್ಲ. ಕಾರ್ಯದರ್ಶಿ ‘ಸಭೆಯ ಪರವಾಗಿ’ ಎಂದು ಎಷ್ಟು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದರೂ ಶಾಮಿಯಾನದವರ ಬಿಲ್ಲು ಅವರ ಮನೆ ಬಾಗಿಲಿಗೇ ಬರಬಹುದು.

ರಕ್ಷೆಯ ಅಂಚು ಎಲ್ಲಿ?

ನೋಂದಣಿಯಾಯಿತು ಎಂದರೆ ಎಲ್ಲವೂ ಮುಗಿಯಿತು ಎಂದು ಭಾವಿಸಬಾರದು. ನೋಂದಾಯಿತ ಸಂಘ ಪೂರ್ಣ ಅರ್ಥದ ನಿಗಮವಲ್ಲ ಎಂದು ಸುಪ್ರೀಂ ಕೋರ್ಟ್ 1960ರ ದಶಕದ ಆರಂಭದಲ್ಲಿ ದೆಹಲಿಯ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿನ ಮೊಕದ್ದಮೆಯಲ್ಲಿ ಹೇಳಿತು. ನಿಗಮಕ್ಕಿರುವ ಕೆಲವು ಸೌಲಭ್ಯಗಳನ್ನು ಮಾತ್ರ ಕಾಯ್ದೆ ಅದಕ್ಕೆ ಕೊಟ್ಟಿದೆ. ಪೂರ್ಣ ನಿಗಮವೇ ಬೇಕೆಂದರೆ 2013ರ ಕಂಪನಿ ಕಾಯ್ದೆಯ 8ನೆಯ ಕಲಮಿನ ಕಂಪನಿ ಇದೆ. ಅದರ ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಷೇರಿನ ಬದಲು ಖಾತರಿಯ ಮೇಲೆ ಕಟ್ಟಿದರೆ, ಕಂಪನಿ ಮುಚ್ಚುವಾಗ ತಾನು ಒಪ್ಪಿಕೊಂಡ ನಿಗದಿತ ಮೊತ್ತದಷ್ಟೇ ಸದಸ್ಯನ ಹೊಣೆ. ಸ್ವಂತ ಕಟ್ಟಡ, ಸಂಬಳದ ನೌಕರರು, ದೊಡ್ಡ ನಿಧಿ ಇರುವ ಸಂಸ್ಥೆಗೆ ಇದು ಸರಿ. ತಿಂಗಳಿಗೊಂದು ಕಛೇರಿ ನಡೆಸುವ ಏಳೆಂಟು ಮಂದಿಗೆ ಅದರ ಲೆಕ್ಕಪತ್ರದ ಕಟ್ಟುಪಾಡು ಭಾರವಾದೀತು.

ಅನೇಕರು ಟ್ರಸ್ಟ್ ಮಾಡಿಕೊಳ್ಳುತ್ತಾರೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಒಂದೇ ದಿನದಲ್ಲಿ ಪತ್ರ ಮಾಡಿಸಬಹುದು ಎಂಬ ಅನುಕೂಲ ಅದಕ್ಕಿದೆ. ಆದರೆ ಟ್ರಸ್ಟಿನ ಆಸ್ತಿ ಇರುವುದು, ಕರಾರು ನಡೆಯುವುದು, ದಾವೆ ಬರುವುದು ಧರ್ಮದರ್ಶಿಗಳ ಹೆಸರಿನಲ್ಲೇ. ಮಾಡಿದ ಖರ್ಚನ್ನು ಟ್ರಸ್ಟಿನ ಆಸ್ತಿಯಿಂದ ಅವರು ತುಂಬಿಕೊಳ್ಳಬಹುದು ನಿಜ. ಆಸ್ತಿಯೇ ಸಾಲದಿದ್ದರೆ ನ್ಯೂ ಸೌತ್ ವೇಲ್ಸ್‌ನ ಧರ್ಮದರ್ಶಿಗಳ ಪಾಡೇ ಇವರಿಗೂ. ಸಂಗೀತ ಸಭೆಗೆ ಟ್ರಸ್ಟಿಗಿಂತ ಸಂಘವೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಸದಸ್ಯರಿಗೆ ಮತವಿದೆ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಿದೆ, ಪದಾಧಿಕಾರಿಗಳು ಬದಲಾಗುತ್ತಾರೆ.

ಯಾವ ರೂಪವೂ ಕಾಯದ ಕೆಲವು ಜಾಗಗಳಿವೆ. ತಾನೇ ಮಾಡಿದ ಅಜಾಗರೂಕತೆಗೆ ಮನುಷ್ಯ ತಾನೇ ಹೊಣೆ. ಬರಿಮೈ ವೈರು ಕಂಡೂ ಕಾರ್ಯಕ್ರಮ ಶುರು ಮಾಡಿಸಿದವರನ್ನು ನೋಂದಣಿ ಪತ್ರ ಉಳಿಸುವುದಿಲ್ಲ. ಸಭೆಯ ಚೆಕ್ ಬೌನ್ಸ್ ಆದರೆ ಅದಕ್ಕೆ ಸಹಿ ಹಾಕಿದವರು ಮತ್ತು ವ್ಯವಹಾರ ನೋಡಿಕೊಳ್ಳುತ್ತಿದ್ದವರು ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾದೀತು. ಚೆಕ್ಕಿನ ಕಾನೂನು ವ್ಯಕ್ತಿಗಳ ಕೂಟವನ್ನೂ ಕಂಪನಿಯ ಸಾಲಿನಲ್ಲೇ ನೋಡುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಸಾಮಾನ್ಯವಾಗಿ ಧ್ವನಿವರ್ಧಕ ಬಳಸುವಂತಿಲ್ಲ. ಅನುಮತಿ ಪತ್ರದಲ್ಲಿ ಯಾರ ಹೆಸರಿದೆಯೋ ಪೊಲೀಸರು ಮೊದಲು ಕೇಳುವುದು ಅವರನ್ನೇ.

ಹವ್ಯಾಸಿಗಳ ಕಡೆಗೆ ಕಾನೂನು ಮೃದುವಾಗಿರುವ ಒಂದು ಕಡೆಯೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ಹವ್ಯಾಸಿ ಕೂಟಗಳ ಹೆಸರನ್ನೇ ಎತ್ತಿ ವಿನಾಯಿತಿ ಕೊಟ್ಟಿದ್ದಾರೆ. ಹಣ ಕೊಡದ ಪ್ರೇಕ್ಷಕರ ಮುಂದೆ, ಅಥವಾ ಧಾರ್ಮಿಕ ಸಂಸ್ಥೆಯೊಂದರ ನೆರವಿಗಾಗಿ, ಹವ್ಯಾಸಿ ಸಂಘ ಸಂಗೀತ ಕೃತಿಯನ್ನು ಪ್ರದರ್ಶಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ತ್ಯಾಗರಾಜರ, ದೀಕ್ಷಿತರ, ಪುರಂದರದಾಸರ ರಚನೆಗಳಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಹೊಸ ಭಾವಗೀತೆ, ಸಿನಿಮಾ ಗೀತೆ ಹಾಡುವ ಕೂಟಗಳು ಇದನ್ನು ನೆನಪಿಡಬೇಕು. ಧಾರ್ಮಿಕ ಸಂಸ್ಥೆಯ ನೆರವಿಗಲ್ಲದೆ ಟಿಕೆಟ್ ಇಟ್ಟ ದಿನ ಆ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ವಿದೇಶದ ಕನ್ನಡ ಕೂಟಗಳಿಗೂ ಇದೇ ಚಿಂತೆ ತಪ್ಪಿದ್ದಲ್ಲ. ಲಿಂಡ್ಲಿಯ ನಾಡಿನಲ್ಲೇ ನೆಲೆಸಿ ದಾಸರ ಪದ ಹಾಡುವ ಕನ್ನಡಿಗರಿಗೆ 2013ರಿಂದ ದತ್ತಿ ಸಂಸ್ಥೆಗಳಿಗಾಗಿಯೇ ಮಾಡಿದ ನಿಗಮದ ರೂಪವೊಂದು ಸಿಕ್ಕುತ್ತದೆ. ಅಮೆರಿಕದಲ್ಲಿ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಸ್ವಯಂಸೇವಕರಿಗೆ 1997ರ ಕೇಂದ್ರ ಕಾಯ್ದೆಯೊಂದು ಒಂದು ಮಟ್ಟಿನ ರಕ್ಷಣೆ ಕೊಡುತ್ತದೆ.

ಸಹಿ ಹಾಕುವ ಮುನ್ನ

ಈ ಇಡೀ ಹುಡುಕಾಟದಿಂದ ನನಗೆ ಮನದಟ್ಟಾದ ಮಾತು ಒಂದು. ದುಡಿದವರೇ ನಷ್ಟವನ್ನೂ ಹೊರಬೇಕು ಎಂಬುದು ನ್ಯಾಯವಲ್ಲ. ನ್ಯಾಯಾಲಯಗಳು ಹುಡುಕಿದ ನಿಯಮ ಸದಸ್ಯರನ್ನು ಉಳಿಸಿತು, ಕಾರ್ಯಕರ್ತರನ್ನು ಉಳಿಸಲಿಲ್ಲ. ಅವರನ್ನು ಉಳಿಸುವ ಉಪಾಯ 1860ರಿಂದ ನಮ್ಮ ಕೈಯಲ್ಲೇ ಇದೆ. ಅದನ್ನು ಬಳಸದೆ ಪ್ರೀತಿಯೊಂದನ್ನೇ ನೆಚ್ಚಿಕೊಂಡು ಸಭೆ ನಡೆಸುವುದು ಕಾರ್ಯದರ್ಶಿಯ ಮನೆಯವರಿಗೆ ಮಾಡುವ ಅನ್ಯಾಯ.

ಆದ್ದರಿಂದ ಸಭೆ ನಡೆಸುವ ಎಲ್ಲರಲ್ಲೂ ನನ್ನ ಕೋರಿಕೆ ಇದು. ಏಳು ಮಂದಿ ಸೇರಿ ಉದ್ದೇಶಪತ್ರ, ಬೈಲಾ ಬರೆದು ಜಿಲ್ಲಾ ಸಂಘಗಳ ನೋಂದಣಾಧಿಕಾರಿಯಲ್ಲಿ ನೋಂದಾಯಿಸಿ. ನೋಂದಣಿಯ ನಂತರ ವರ್ಷವರ್ಷವೂ ತಪ್ಪದೆ ಸರ್ವಸದಸ್ಯರ ಸಭೆ ನಡೆಸಿ, ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಇವನ್ನು ಸಲ್ಲಿಸಿ. ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲೇ ಇರಲಿ, ಇಬ್ಬರ ಸಹಿ ಇರಲಿ. ಸಭಾಂಗಣದ ಕರಾರು, ಕಲಾವಿದರ ಪತ್ರ, ಮೈಕ್ ಸೆಟ್‌ನವರ ಆರ್ಡರು ಎಲ್ಲದರಲ್ಲೂ ಸಂಘದ ಪೂರ್ತಿ ಹೆಸರು, ನೋಂದಣಿ ಸಂಖ್ಯೆ ಬರೆದು, ಅದರ ಕೆಳಗೆ ನಿಮ್ಮ ಹುದ್ದೆಯೊಂದಿಗೆ ಸಹಿ ಮಾಡಿ. ದೊಡ್ಡ ಖರ್ಚಿಗೆ ಮೊದಲು ಸಮಿತಿಯ ನಿರ್ಣಯವನ್ನು ನಡವಳಿ ಪುಸ್ತಕದಲ್ಲಿ ಬರೆಯಿರಿ. 1836ರ ನ್ಯಾಯಾಧೀಶರು ಹೇಳಿದಂತೆ ಕೈಯಲ್ಲಿರುವ ಹಣದಷ್ಟೇ ಖರ್ಚಿನ ಮಾತು ಕೊಡಿ. ಪೆಂಡಾಲ್ ಹಾಕುವವರು, ವಿದ್ಯುತ್ ಕೆಲಸದವರು ಆ ಕೆಲಸ ಬಲ್ಲವರೇ ಎಂದು ವಿಚಾರಿಸಿ. ದೊಡ್ಡ ಉತ್ಸವಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಮಾಡಿಸಿ.

ನಿಮ್ಮ ಸಭೆ ಇನ್ನೂ ನೋಂದಣಿಯಾಗಿಲ್ಲವಾದರೆ, ಮುಂದಿನ ಕಛೇರಿಗೆ ಕಲಾವಿದರನ್ನು ಗೊತ್ತು ಮಾಡುವ ಮೊದಲು ಆ ಕೆಲಸ ಮುಗಿಸಿಕೊಳ್ಳಿ.